ಕೋಡಿಯ ನೀರು ಮಸುಕಾಗುವುದೇಕೆ?

2022ರ ಸೆಪ್ಟೆಂಬರಿನಲ್ಲಿ ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ಈ ಮಾರಿಕಣಿವೆ ಅಣೆಕಟ್ಟೆ ಅದಕ್ಕೂ ಹಿಂದೆ ಕೋಡಿ ಕಂಡದ್ದು 1933ರಲ್ಲಿ. ಬರಕ್ಕೆ ಹೆಸರಾದ ಸೀಮೆಗೆ ಅದು ಹಬ್ಬ. ಸುತ್ತಲಿನ ಊರುಗಳಿಂದ ಬಂದವರೆಲ್ಲ ಆ ನೀರನ್ನು ಮೊಬೈಲಿನಲ್ಲಿ, ಕ್ಯಾಮೆರಾದಲ್ಲಿ ಸೆರೆಹಿಡಿದರು. ಕೈಯಿಂದ ಕೈಗೆ ಸಾಗಿ ಬಂದ ಅಂಥ ವಿಡಿಯೋಗಳಲ್ಲಿ ನೀರು ನೀರಿನಂತೆ ಕಾಣುವುದಿಲ್ಲ. ಚೌಕಚೌಕವಾಗಿ ಒಡೆದು ಬೂದುಬಣ್ಣದ ರಾಡಿಯಾಗಿರುತ್ತದೆ.

ಫೈಲನ್ನು ಎಷ್ಟು ಸಲ ಕಾಪಿ ಮಾಡಿದರೂ ಚಿತ್ರ ಕೆಡುವುದಿಲ್ಲ. ಕೆಡುವುದು ಮತ್ತೆ ಮತ್ತೆ ರೆಂಡರ್ ಮಾಡಿದಾಗ, ಅಂದರೆ ಹೊಸದಾಗಿ ಕುಗ್ಗಿಸಿ ಬರೆದಾಗ.

ಸೆಕೆಂಡಿಗೆ 25 ಫ್ರೇಮಿನ ಫುಲ್ ಎಚ್‌ಡಿ ವಿಡಿಯೋವನ್ನು ಕುಗ್ಗಿಸದೆ ಇಟ್ಟರೆ ಗಂಟೆಗೆ ಸುಮಾರು 280 ಜಿಬಿ ಬೇಕು. ಸೆಕೆಂಡಿಗೆ 25 ಮೆಗಾಬಿಟ್‌ನಲ್ಲಿ ಬರೆಯುವ ಕ್ಯಾಮೆರಾ ಅದನ್ನು 11 ಜಿಬಿಗೆ ಇಳಿಸುತ್ತದೆ. 2003ರಲ್ಲಿ ಬಂದ ಎಚ್.264 ವಿಧಾನ ಚಿತ್ರವನ್ನು ಸಣ್ಣ ಚೌಕಗಳಾಗಿ ಒಡೆದು, ಬಹುತೇಕ ಫ್ರೇಮುಗಳಲ್ಲಿ ಹಿಂದಿನ ಫ್ರೇಮಿಗಿಂತ ಬದಲಾದದ್ದನ್ನಷ್ಟೇ ಬರೆದಿಡುತ್ತದೆ. ಚಿತ್ರದುರ್ಗದ ಕೋಟೆಯ ಬಂಡೆ ಅಲುಗುವುದಿಲ್ಲ, ಹಾಗಾಗಿ ಅದಕ್ಕೆ ಸ್ವಲ್ಪ ಮಾಹಿತಿ ಸಾಕು. ಧುಮುಕುವ ನೀರು ಪ್ರತಿ ಫ್ರೇಮಿನಲ್ಲೂ ಹೊಸದು. ಬಿಟ್‌ಗಳು ಸಾಲದೆ ಹೋದಾಗ ನೊರೆಯ ಸೂಕ್ಷ್ಮಗಳನ್ನೇ ಅದು ಕೈಬಿಡುತ್ತದೆ. ಮರಳಿ ರೆಂಡರ್ ಮಾಡುವಾಗ ಈ ಚೌಕದ ಅಂಚುಗಳನ್ನೂ ನಿಜವಾದ ಚಿತ್ರವೆಂದೇ ನಂಬಿ, ಇರುವ ಬಿಟ್‌ಗಳನ್ನು ಅವುಗಳ ಮೇಲೂ ಹಾಕಿ, ಉಳಿದ ನೊರೆಯನ್ನು ಇನ್ನಷ್ಟು ಕಳೆಯುತ್ತದೆ. ಕೋಟೆಯ ಹಿಂದಿನ ಸಂಜೆಯ ಆಕಾಶಕ್ಕೆ ಬೇರೆ ತೊಂದರೆ: ನವಿರಾಗಿ ಮಾಸುವ ಬಣ್ಣ ಪಟ್ಟೆಪಟ್ಟೆಯಾಗುತ್ತದೆ.

ಮದುವೆ ವಿಡಿಯೋ ಕೆಲಸದಲ್ಲಿ ಹೀಗೆ ಮತ್ತೆ ಮತ್ತೆ ರೆಂಡರ್ ಮಾಡುವುದು ಸುಲಭವಾಗಿ ಆಗಿಬಿಡುತ್ತದೆ. ಮೊದಲು ಕತ್ತರಿಸಿ ಎಕ್ಸ್‌ಪೋರ್ಟ್, ಅದರ ಮೇಲೆ ಟೈಟಲ್ ಹಾಕಿ ಇನ್ನೊಂದು, ಹಾಡು ಸೇರಿಸಿ ಮತ್ತೊಂದು, ಕೊನೆಗೆ ಪೆನ್‌ಡ್ರೈವಿಗೆಂದು ಮಗದೊಂದು. ಧಾರೆಯ ಹೊತ್ತಿನ ಅಕ್ಷತೆ ನಾಲ್ಕನೆಯ ರೆಂಡರಿಗೆ ಬಿಳಿ ಮಂಜಾಗುತ್ತದೆ. ಇಷ್ಟೂ ಕೆಲಸವನ್ನು ಒಂದೇ ಟೈಮ್‌ಲೈನಿನಲ್ಲಿ ಮುಗಿಸಿ ಒಂದೇ ಸಲ ರೆಂಡರ್ ಮಾಡಬಹುದು. ಪ್ರೀಮಿಯರ್, ಡಾವಿಂಚಿ ರಿಸಾಲ್ವ್‌ನಂಥ ತಂತ್ರಾಂಶಗಳು ಮೂಲ ಫೈಲನ್ನು ಮುಟ್ಟುವುದಿಲ್ಲ; ಎಲ್ಲಿ ಕತ್ತರಿಸಬೇಕು, ಏನು ಸೇರಿಸಬೇಕು ಎಂಬುದು ಪ್ರಾಜೆಕ್ಟ್ ಫೈಲಿನಲ್ಲಿರುತ್ತದೆ. ತಿದ್ದುಪಡಿ ಬಂದರೆ ಅದನ್ನೇ ತೆರೆಯಬೇಕು, ಮುಗಿದ ವಿಡಿಯೋವನ್ನಲ್ಲ.

ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಕೊಡಲೇಬೇಕಾದಾಗ ಪ್ರೋರೆಸ್ 422 ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ರೂಪ ಒಳ್ಳೆಯದು. ಇವು ಪ್ರತಿ ಫ್ರೇಮನ್ನೂ ಪೂರ್ತಿಯಾಗಿ ಇಟ್ಟುಕೊಳ್ಳುವುದರಿಂದ ಕೆಲವು ಸಲ ರೆಂಡರ್ ಆದರೂ ಕಣ್ಣಿಗೆ ವ್ಯತ್ಯಾಸ ತಿಳಿಯದು. ಗಂಟೆಗೆ ಸುಮಾರು 55 ಜಿಬಿ ಜಾಗ ಬೇಕು, ಆದರೆ ಕೆಲಸ ಮುಗಿದ ಮೇಲೆ ಅಳಿಸಬಹುದು. ಕೆಟ್ಟ ವಿಡಿಯೋವನ್ನು ದೊಡ್ಡ ಬಿಟ್‌ರೇಟಿನಲ್ಲಿ ರೆಂಡರ್ ಮಾಡಿದರೆ ಫೈಲು ದಪ್ಪವಾಗುತ್ತದೆಯೇ ಹೊರತು ಕಳೆದ ನೊರೆ ಮರಳುವುದಿಲ್ಲ.

ಹಿಂದುಮುಂದು ಕತ್ತರಿಸುವುದಷ್ಟೇ ಇದ್ದರೆ ಲಾಸ್‌ಲೆಸ್‌ಕಟ್ ಎಂಬ ತಂತ್ರಾಂಶ ಸಾಕು. ಅದು ರೆಂಡರ್ ಮಾಡುವುದಿಲ್ಲ. ಕತ್ತರಿ ಮಾತ್ರ ಎಲ್ಲೆಂದರಲ್ಲಿ ಅಲ್ಲ, ಪೂರ್ತಿ ಚಿತ್ರವಿರುವ ಕೀಫ್ರೇಮ್ ಇರುವಲ್ಲಿ ಬೀಳುತ್ತದೆ. ವಾಟ್ಸ್‌ಆ್ಯಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೈಲು ಇದ್ದಂತೆಯೇ ತಲುಪುತ್ತದೆ.

ನನಗೆ ಹೆಚ್ಚು ಸಂಕಟವಾಗುವುದು ಪೆನ್‌ಡ್ರೈವ್ ಕೊಟ್ಟ ಮೇಲೆ ಜಾಗಕ್ಕಾಗಿ ಮೂಲವನ್ನೇ ಅಳಿಸಿದಾಗ. ವಾಣಿವಿಲಾಸ 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. 2022ರ ಆ ದಿನ ಮಾತ್ರ ಮತ್ತೆ ಬಾರದು. ಒಂದು ಟಿಬಿಯ ಹಾರ್ಡ್ ಡಿಸ್ಕಿನಲ್ಲಿ ಸೆಕೆಂಡಿಗೆ 25 ಮೆಗಾಬಿಟ್‌ನ ಮೂಲ ಚಿತ್ರೀಕರಣ ಸುಮಾರು 88 ಗಂಟೆ ಹಿಡಿಯುತ್ತದೆ. ಡಿಸ್ಕೂ ಕೆಡುವ ವಸ್ತುವಾದ್ದರಿಂದ ಎರಡರಲ್ಲಿ ಇಡಬೇಕು, ಜೊತೆಗೆ ಪ್ರಾಜೆಕ್ಟ್ ಫೈಲನ್ನೂ.