ಸರ್ವರ್ ಬದಲಾದರೂ ಪಹಣಿ ಬದಲಾಗಬಾರದು

ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆದರೆ ಅದನ್ನು ಬೆಳೆದ ರೈತ ಸಾಲಕ್ಕೆಂದು ಬ್ಯಾಂಕಿಗೆ ಹೋದರೆ ಅಲ್ಲಿ ಮೊದಲು ಕೇಳುವುದು ಪಹಣಿಯನ್ನು. ಸರ್ವೆ ನಂಬರು, ಮಾಲೀಕನ ಹೆಸರು, ವಿಸ್ತೀರ್ಣ, ಬೆಳೆ, ಇರುವ ಸಾಲ ಎಲ್ಲವೂ ಆ ಒಂದು ಹಾಳೆಯಲ್ಲಿರುತ್ತವೆ. ಹಿಂದೆ ಪಟವಾರಿಯ ದಫ್ತರದಲ್ಲಿದ್ದ ಈ ಲೆಕ್ಕ ಈಗ ಸರ್ವರಿನಲ್ಲಿದೆ. ಹಾಗಾದರೆ ಆ ಸರ್ವರಿಗೇ ವಯಸ್ಸಾದರೆ?

ರಾಜ್ಯದ ಕಂದಾಯ ಇಲಾಖೆಯ ‘ಭೂಮಿ’ ಯೋಜನೆ ಈ ಪ್ರಶ್ನೆಗೆ ಒಳ್ಳೆಯ ಪಾಠ. 2000ದ ಆಸುಪಾಸಿನಲ್ಲಿ ರಾಷ್ಟ್ರೀಯ ಮಾಹಿತಿ ಕೇಂದ್ರ ರೂಪಿಸಿದ ತಂತ್ರಾಂಶದ ನೆರವಿನಿಂದ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಗಣಕಕ್ಕೆ ಸೇರಿದವು. 177 ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ ದೊರೆಯತೊಡಗಿತು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಕಮಲಾಪುರ ಆಗಿನ್ನೂ ಗುಲಬರ್ಗಾ ತಾಲ್ಲೂಕಿನಲ್ಲಿತ್ತು. ಅದು ಪ್ರತ್ಯೇಕ ತಾಲ್ಲೂಕೆಂದು ಘೋಷಣೆಯಾದದ್ದು 2017–18ರ ಬಜೆಟ್‌ನಲ್ಲಿ.

ಬದಲಾವಣೆ ಏಕೆ?

‘ಭೂಮಿ’ ಆರಂಭವಾದದ್ದು ವಿಂಡೋಸ್ ಎನ್‌ಟಿ ಎಂಬ ಆಪರೇಟಿಂಗ್ ಸಿಸ್ಟಂ ಮೇಲೆ. ಎನ್‌ಟಿ 4.0 ಸರ್ವರಿಗೆ ಮೈಕ್ರೋಸಾಫ್ಟ್ ಕಂಪನಿಯ ಬೆಂಬಲ 2004ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು. ಆನಂತರದ ಸರ್ವರ್ 2003ಕ್ಕೆ 2015ರಲ್ಲಿ, 2008ಕ್ಕೆ 2020ರಲ್ಲಿ, 2012ಕ್ಕೆ 2023ರಲ್ಲಿ ಅದೇ ಗತಿಯಾಯಿತು.

ಬೆಂಬಲ ಮುಗಿದ ದಿನ ಯಂತ್ರವೇನೂ ನಿಲ್ಲುವುದಿಲ್ಲ. ಅದರಲ್ಲಿ ಹೊಸದಾಗಿ ಕಂಡುಬಂದ ದೋಷಕ್ಕೆ ತೇಪೆ ಸಿಗುವುದಿಲ್ಲ, ಅಷ್ಟೆ. ಆ ‘ಅಷ್ಟೆ’ ಎಷ್ಟು ದುಬಾರಿ ಎಂಬುದನ್ನು 2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ತೋರಿಸಿಕೊಟ್ಟಿತು. ಬೆಂಬಲವಿದ್ದ ಯಂತ್ರಗಳಿಗೆ ಮಾರ್ಚ್‌ನಲ್ಲೇ ತೇಪೆ ಬಂದಿತ್ತು. ಅದನ್ನು ಹಾಕಿಕೊಳ್ಳದ ಮತ್ತು ಬೆಂಬಲವೇ ಇಲ್ಲದ ಯಂತ್ರಗಳಿಗೆ ಈ ಕುತಂತ್ರಾಂಶ ನುಗ್ಗಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಮರಳಿ ಕಳಿಸಬೇಕಾಯಿತು.

ಹಿಂದಿರುಗುವ ದಾರಿ

ಕಚೇರಿಯ ಜಾಲದೊಳಗೆ ಯಾರು ಬರಬಹುದು, ಯಾವ ಕಡತ ಯಾರು ತಿದ್ದಬಹುದು ಎಂದು ನಿರ್ಧರಿಸುವುದು ಸರ್ವರ್. ‘ಭೂಮಿ’ಯಲ್ಲಿ ಅಧಿಕಾರಿ ಬೆರಳಚ್ಚು ನೀಡಿಯೇ ಒಳಗೆ ಹೋಗುವ ವ್ಯವಸ್ಥೆ ಇತ್ತು. ಸ್ಥಳಾಂತರದ ಗಡಿಬಿಡಿಯಲ್ಲಿ ಇಂಥ ಹಕ್ಕುಗಳು ಅದಲುಬದಲಾದರೆ ಹೊಲದ ಹಕ್ಕೂ ಅದಲುಬದಲಾದೀತು.

ಎನ್‌ಟಿ ಜಾಲದಲ್ಲಿ ಬಳಕೆದಾರರ ಪಟ್ಟಿಯ ಮೂಲಪ್ರತಿ ಒಂದು ಪ್ರಧಾನ ಸರ್ವರಿನಲ್ಲಿ, ಅದರ ನಕಲು ಸಹಾಯಕ ಸರ್ವರುಗಳಲ್ಲಿ ಇರುತ್ತಿತ್ತು. 2000ದಲ್ಲಿ ಬಂದ ವಿಂಡೋಸ್ 2000 ‘ಆಕ್ಟಿವ್ ಡೈರೆಕ್ಟರಿ’ ಎಂಬ ಹೊಸ ಪದ್ಧತಿ ತಂದಿತು. ಹಳೆಯದರಿಂದ ಹೊಸದಕ್ಕೆ ಹೋಗುವಾಗ ಅನುಭವಿಗಳು ಒಂದು ಕ್ರಮ ಪಾಲಿಸುತ್ತಿದ್ದರು: ಒಂದು ಸಹಾಯಕ ಸರ್ವರಿಗೆ ಇತ್ತೀಚಿನ ನಕಲು ತುಂಬಿ, ಜಾಲದ ತಂತಿ ಕಿತ್ತು ಪಕ್ಕಕ್ಕಿಡುವುದು, ಆಮೇಲೆ ಪ್ರಧಾನ ಸರ್ವರನ್ನು ಮೇಲ್ದರ್ಜೆಗೇರಿಸುವುದು. ಕೆಲಸ ಕೆಟ್ಟರೆ ಪಕ್ಕಕ್ಕಿಟ್ಟದ್ದನ್ನು ಮತ್ತೆ ಜೋಡಿಸಿ ಹಳೆಯ ಸ್ಥಿತಿಗೆ ಮರಳಬಹುದಿತ್ತು. ಸರ್ವರುಗಳು ಎಷ್ಟು ಬದಲಾದರೂ ಈ ಸೂತ್ರ ಬದಲಾಗಿಲ್ಲ. ಬ್ಯಾಕಪ್ ತೆಗೆದರೆ ಸಾಲದು. ಅದನ್ನು ಬೇರೊಂದು ಯಂತ್ರದಲ್ಲಿ ತುಂಬಿ, ತೆರೆದು ಓದಿ ನೋಡಬೇಕು.

ಕನ್ನಡದ ತೊಡಕು

ನಮ್ಮ ಕಚೇರಿಗಳಿಗೆ ಇನ್ನೊಂದು ಪರೀಕ್ಷೆಯೂ ಉಂಟು. 1990ರ ದಶಕದ ಅನೇಕ ಕನ್ನಡ ತಂತ್ರಾಂಶಗಳು ಅಕ್ಷರವನ್ನು ಒಡೆದು ಒತ್ತು, ಕೊಂಬು, ದೀರ್ಘಗಳಿಗೆ ತಮ್ಮದೇ ಸಂಕೇತ ಕೊಟ್ಟಿದ್ದವು. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ವರ್ಣಕ್ಕೂ ಜಗತ್ತಿಗೆಲ್ಲ ಒಂದೇ ಸಂಕೇತ. ಹಳೆಯ ದತ್ತಾಂಶವನ್ನು ಇದಕ್ಕೆ ಪರಿವರ್ತಿಸುವಾಗ ಒತ್ತು ಕಳಚಿದರೆ ‘ಮಲ್ಲಪ್ಪ’ ‘ಮಲಪ’ ಆಗುತ್ತಾನೆ. ಗಣಕಕ್ಕೆ ಇದು ಸಣ್ಣ ವ್ಯತ್ಯಾಸ; ಮಲ್ಲಪ್ಪನಿಗೆ ಹೆಸರು ತಿದ್ದುಪಡಿಗೆ ತಿಂಗಳುಗಟ್ಟಲೆ ಅಲೆದಾಟ. ಆದ್ದರಿಂದ ಪರಿವರ್ತನೆಗೆ ಮೊದಲು ಮತ್ತು ನಂತರ ದಾಖಲೆಗಳ ಸಂಖ್ಯೆ, ಒಟ್ಟು ಎಕರೆ ತಾಳೆ ನೋಡಬೇಕು. ಊರಿಗೆ ಹತ್ತಿಪ್ಪತ್ತು ಪಹಣಿಗಳನ್ನಾದರೂ ಮುದ್ರಿಸಿ, ಹಳೆಯದರ ಪಕ್ಕದಲ್ಲಿಟ್ಟು ಕಣ್ಣಾರೆ ಓದಬೇಕು. ಈ ಕೆಲಸಕ್ಕೆ ಗಣಕ ಬಲ್ಲವನಷ್ಟೇ ಊರಿನ ಹೆಸರು, ಮನೆತನ ಬಲ್ಲ ಗ್ರಾಮ ಆಡಳಿತಾಧಿಕಾರಿಯೂ ಬೇಕು.

ವಿದ್ಯಾರ್ಥಿಗಳಿಗೆ

ಇಂಥ ಕೆಲಸ ಕಲಿಯಲು ದೊಡ್ಡ ಊರಿಗೇ ಹೋಗಬೇಕೆಂದಿಲ್ಲ. 8 ಜಿಬಿ ಮೆಮೊರಿಯ ಸಾಧಾರಣ ಗಣಕದಲ್ಲೇ ಎರಡು ‘ವರ್ಚುಯಲ್’ ಸರ್ವರುಗಳನ್ನು ನಡೆಸಬಹುದು. ಲಿನಕ್ಸ್ ಉಚಿತ, ವಿಂಡೋಸ್ ಸರ್ವರಿನ ಪರೀಕ್ಷಾ ಆವೃತ್ತಿ 180 ದಿನ ಉಚಿತ. ಒಂದರಲ್ಲಿ ಹತ್ತು ಬಳಕೆದಾರರನ್ನು, ಕನ್ನಡದ ಒಂದು ಪಟ್ಟಿಯನ್ನು ಇಟ್ಟು ಮತ್ತೊಂದಕ್ಕೆ ಸಾಗಿಸಿ ನೋಡಬಹುದು. ಬೇಕೆಂದೇ ನಡುವೆ ವಿದ್ಯುತ್ ಕಡಿದು, ಬ್ಯಾಕಪ್‌ನಿಂದ ಮತ್ತೆ ಕಟ್ಟಬಹುದು. ಮಗ ಅಥವಾ ಮಗಳು ಚೆನ್ನಾಗಿ ನಡೆಯುತ್ತಿದ್ದ ಗಣಕವನ್ನು ಹೀಗೆ ಕೆಡಿಸಿ ಕೂತರೆ ಹೆತ್ತವರು ಗದರಬೇಕಿಲ್ಲ. ಮನೆಯ ಗಣಕದಲ್ಲಿ ಹತ್ತು ಸಲ ಕೆಡಿಸಿ ಕಟ್ಟಿದವರ ಕೈಯಲ್ಲೇ ನಾಳೆ ಊರಿನ ಪಹಣಿ ಕ್ಷೇಮವಾಗಿರುವುದು.