ಹಳೆಯ ಬಾಸ್ ಗಿಟಾರಿನ ತಂತಿ ಕರಕರಿಸುವುದೇಕೆ?

ತಂಬೂರಿಯನ್ನು ಶ್ರುತಿಮಾಡುವವರು ಅದರ ಕುದುರೆಗೂ ತಂತಿಗೂ ನಡುವೆ ಒಂದೆಳೆ ನೂಲನ್ನು ಸೇರಿಸಿ, ಅದನ್ನು ಅತ್ತಿತ್ತ ಸರಿಸುತ್ತ, ನಾದವು ಝೇಂಕರಿಸುವ ನೆಲೆಯನ್ನು ಹುಡುಕುವುದನ್ನು ನೀವು ಕಂಡಿರಬಹುದು. ಕಂಪಿಸುವ ತಂತಿಯು ಕುದುರೆಯ ಅಗಲವಾದ ಮೈಯನ್ನು ಮತ್ತೆ ಮತ್ತೆ ಮುಟ್ಟಿ ಬಿಡುವುದರಿಂದಲೇ ಆ ಝೇಂಕಾರವು ಹುಟ್ಟುತ್ತದೆ. ಸಿ. ವಿ. ರಾಮನ್ನರು 1921ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ವೀಣೆ ತಂಬೂರಿಗಳ ಈ ಗುಣವನ್ನು ವಿವೇಚಿಸಿ, ಸಾಮಾನ್ಯ ತಂತಿಯಲ್ಲಿ ಕೇಳಿಬರಬಾರದ ಉಪಸ್ವರಗಳು ಕೂಡ ಇಂತಹ ಕುದುರೆಯ ದೆಸೆಯಿಂದ ಕೇಳಿಬರುತ್ತವೆಂದು ತೋರಿಸಿದರು.

ತಂತಿಯು ಮುಟ್ಟಬೇಕಾದ ಕಡೆ ಮುಟ್ಟಿದರೆ ಅದು ನಾದದ ಜೀವ; ಮುಟ್ಟಬಾರದ ಕಡೆ ಮುಟ್ಟಿದರೆ ಅದೇ ನಾದದ ರೋಗ. ಈ ರೋಗವನ್ನು ಪತ್ತೆಹಚ್ಚುವ ಕ್ರಮವನ್ನು ಪಾಶ್ಚಾತ್ಯ ವಾದ್ಯವಾದ ಬಾಸ್ ಗಿಟಾರಿನಲ್ಲಿ ನೋಡೋಣ.

ವಾದ್ಯದ ಪರಿಚಯ

1951ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ಫುಲರ್ಟನ್ ಎಂಬ ಊರಿನಲ್ಲಿ ಲಿಯೋ ಫೆಂಡರ್ ಎಂಬುವರು ‘ಪ್ರಿಸಿಷನ್ ಬಾಸ್’ ಎಂಬ ವಿದ್ಯುತ್ ವಾದ್ಯವನ್ನು ಹೊರತಂದರು. ಆಳೆತ್ತರದ ಡಬಲ್ ಬಾಸನ್ನು ಹೊತ್ತು ತಿರುಗುವ ಕಷ್ಟವನ್ನು ಅದು ತಪ್ಪಿಸಿತು. ದಂಡಿಯ ಮೇಲೆ ಮೆಟ್ಟಿಲುಗಳಿದ್ದುದರಿಂದ ಸ್ವರಸ್ಥಾನವು ನಿಖರವಾಯಿತು; ‘ಪ್ರಿಸಿಷನ್’ ಎಂಬ ಹೆಸರಿನ ಅರ್ಥವೂ ಅದೇ. ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆಯ ಧ್ವನಿಮುದ್ರಿಕೆಗಳಲ್ಲಿ ಜೇಮ್ಸ್ ಜೇಮರ್ಸನ್ನರು 1962ರ ಇಂತಹ ವಾದ್ಯವೊಂದನ್ನು ನುಡಿಸಿ ಪ್ರಸಿದ್ಧರಾದರು. ಬೆರಳನ್ನೊತ್ತದ ತಂತಿಯನ್ನು, ಅಂದರೆ ತೆರೆದ ತಂತಿಯನ್ನು, ಧಾರಾಳವಾಗಿ ಬಳಸುವುದು ಅವರ ಶೈಲಿಯ ಒಂದು ಲಕ್ಷಣವಾಗಿತ್ತು. ಅಂತಹ ತಂತಿಯೇ ಕರಕರಿಸಿದರೆ ವಾದಕನ ಕೈ ಕಟ್ಟಿದಂತೆಯೇ ಸರಿ.

ಈ ವಾದ್ಯಕ್ಕೆ ನಾಲ್ಕು ತಂತಿಗಳು: ಇ, ಎ, ಡಿ, ಜಿ. ಇವು ಸೆಕೆಂಡಿಗೆ ಕ್ರಮವಾಗಿ ಸುಮಾರು 41, 55, 73 ಮತ್ತು 98 ಸಲ ಕಂಪಿಸುತ್ತವೆ. ತಂತಿಯ ಒಂದು ತುದಿಗೆ ಕುದುರೆಯಿದೆ. ಬಿರಡೆಗಳ ಕಡೆಯ ತುದಿಗೆ ಗಾಡಿಗಳುಳ್ಳ ಒಂದು ಸಣ್ಣ ಪಟ್ಟಿಯಿದೆ. ವೀಣೆಯಲ್ಲಿ ಮೇರು ಎನ್ನುವುದನ್ನು ಇಲ್ಲಿ ನಟ್ ಎನ್ನುತ್ತಾರೆ. ಇವೆರಡರ ನಡುವಣ ಉದ್ದ 34 ಅಂಗುಲ.

ಒಂದು ಸಣ್ಣ ಲೆಕ್ಕ

ಮೊದಲನೆಯ ಮೆಟ್ಟಿಲು ನಟ್ಟಿನಿಂದ ಸುಮಾರು 1.9 ಅಂಗುಲ ದೂರದಲ್ಲಿದೆ. ಅಂದರೆ ಇಡೀ ತಂತಿಯ ಹದಿನೆಂಟನೆಯ ಒಂದು ಭಾಗ. ತೆರೆದ ತಂತಿಯು ನಡುವಿನಲ್ಲಿ 2 ಮಿಲಿಮೀಟರು ಓಲಾಡಿದರೆ, ಈ ಮೆಟ್ಟಿಲಿನ ಮೇಲೆ ಅದರ ಆರನೆಯ ಒಂದು ಭಾಗದಷ್ಟು, ಸುಮಾರು ಮೂರನೆಯ ಒಂದು ಮಿಲಿಮೀಟರು, ಓಲಾಡುತ್ತದೆ. ತಂತಿಗೂ ಮೆಟ್ಟಿಲಿಗೂ ನಡುವೆ ಅರ್ಧ ಮಿಲಿಮೀಟರು ತೆರಪಿದ್ದರೆ ತೊಂದರೆಯಿಲ್ಲ. ವರ್ಷಗಟ್ಟಲೆ ಉಜ್ಜಿ ಗಾಡಿಯು ಆಳವಾಗಿದ್ದರೆ ತೆರಪು ಕುಗ್ಗಿ, ತಂತಿಯು ಪ್ರತಿಯೊಂದು ಓಲಾಟದಲ್ಲೂ ಮೆಟ್ಟಿಲಿಗೆ ಬಡಿಯುತ್ತದೆ. ಒಂದೊಂದು ಬಡಿತವೂ ಹೊಸ ಉಪಸ್ವರಗಳನ್ನು ಎಬ್ಬಿಸುತ್ತದೆ. ನಮ್ಮ ಕಿವಿಗೆ ಕರಕರವೆನಿಸುವುದು ಇದೇ.

ಇಂತಹ ಸಮಯದಲ್ಲಿ ಅನೇಕರು ಕುದುರೆಯನ್ನು ಎತ್ತರಿಸಲು ತೊಡಗುತ್ತಾರೆ. ಇದರಿಂದ ಎಷ್ಟು ಪ್ರಯೋಜನ? ಕುದುರೆಯ ಕಡೆ 1 ಮಿಲಿಮೀಟರು ಎತ್ತಿದರೆ, ಮೊದಲನೆಯ ಮೆಟ್ಟಿಲಿನ ಮೇಲೆ ತಂತಿಯು ಏಳುವುದು ಒಂದು ಮಿಲಿಮೀಟರಿನ ಹದಿನೆಂಟನೆಯ ಒಂದು ಭಾಗ ಮಾತ್ರ! ರೋಗವು ಇದ್ದಲ್ಲಿಯೇ ಉಳಿಯುತ್ತದೆ. ಉಳಿದ ಸ್ವರಗಳನ್ನೆಲ್ಲ ಒತ್ತಲು ಬೆರಳಿಗೆ ವೃಥಾ ಶ್ರಮವಾಗುತ್ತದೆ. ಆದ್ದರಿಂದ ದೋಷವಿರುವ ಸ್ಥಳವನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು.

ಪತ್ತೆಯ ಕ್ರಮ

ಮೊದಲು ಧ್ವನಿವರ್ಧಕದ ಸಂಪರ್ಕವನ್ನು ತೆಗೆದು ಬರಿಯ ವಾದ್ಯವನ್ನು ಮೀಟಿ ನೋಡತಕ್ಕದ್ದು. ಕರಕರವು ಆಗ ಕೇಳದಿದ್ದರೆ ದೋಷವು ವಿದ್ಯುತ್ ಭಾಗದ್ದಾಗಿರಬಹುದು.

ಎರಡನೆಯದಾಗಿ, ಅದೇ ತಂತಿಯನ್ನು ಮೊದಲನೆಯ ಮೆಟ್ಟಿಲಿನಲ್ಲಿ ಒತ್ತಿ ಮೀಟಬೇಕು. ಆಗ ತಂತಿಯ ತುದಿಯು ನಟ್ ಅಲ್ಲ, ಮೆಟ್ಟಿಲೇ. ನಾದವು ಶುದ್ಧವಾದರೆ ಸಂಶಯವು ನಟ್ಟಿನ ಮೇಲೆ ನಿಲ್ಲುತ್ತದೆ. ಮುಂದಿನ ನಾಲ್ಕಾರು ಮೆಟ್ಟಿಲುಗಳಲ್ಲೂ ಕರಕರವಿದ್ದರೆ, ದಂಡಿಯು ತೀರ ನೇರವಾಗಿರಬಹುದು ಅಥವಾ ಹಿಂದಕ್ಕೆ ಬಾಗಿರಬಹುದು. ತಂತಿಯನ್ನು ಮೊದಲನೆಯ ಮತ್ತು ಕೊನೆಯ ಮೆಟ್ಟಿಲುಗಳಲ್ಲಿ ಒಟ್ಟಿಗೆ ಒತ್ತಿಹಿಡಿದರೆ ತಂತಿಯೇ ಅಳತೆಗೋಲಾಗುತ್ತದೆ. ಆಗ ಎಂಟನೆಯ ಮೆಟ್ಟಿಲಿನ ಸುತ್ತಮುತ್ತ ಒಂದು ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ತೆರಪು ಇರಬೇಕು.

ಮೂರನೆಯದಾಗಿ, ಅದೇ ಸ್ವರವನ್ನು ಬೇರೆಡೆ ನುಡಿಸಿ ನೋಡಬೇಕು. ತೆರೆದ ಎ ತಂತಿಯ ಸ್ವರವು ಇ ತಂತಿಯ ಐದನೆಯ ಮೆಟ್ಟಿಲಿನಲ್ಲಿಯೂ ದೊರೆಯುತ್ತದೆ. ಅಲ್ಲಿಯೂ ಕರಕರವೆದ್ದರೆ ನಟ್ ನಿರಪರಾಧಿ. ಎಲ್ಲಿಯೋ ಸಡಿಲವಾದ ತಿರುಪೋ ಬಿರಡೆಯ ಭಾಗವೋ ಆ ಕಂಪನಕ್ಕೆ ಅನುರಣಿಸುತ್ತಿದೆ. ಒಂದೊಂದನ್ನೇ ಬೆರಳಿನಿಂದ ಒತ್ತಿಹಿಡಿದರೆ ಕಳ್ಳನು ಸಿಕ್ಕಿಬೀಳುತ್ತಾನೆ.

ನಟ್ಟಿನ ಮೇಲೆ ಸಂಶಯವು ಉಳಿದರೆ, ಎರಡನೆಯ ಮತ್ತು ಮೂರನೆಯ ಮೆಟ್ಟಿಲುಗಳ ನಡುವೆ ತಂತಿಯನ್ನು ಒತ್ತಿ, ಮೊದಲನೆಯ ಮೆಟ್ಟಿಲಿನ ಮೇಲೆ ಕಣ್ಣಿಡಬೇಕು. ಅಲ್ಲಿ ಕಾಗದದಷ್ಟಾದರೂ ತೆರಪಿರಬೇಕು. ತಂತಿಯು ಮೆಟ್ಟಿಲಿಗೆ ಅಂಟಿಕೊಂಡಿದ್ದರೆ ಗಾಡಿಯು ಆಳವಾಗಿದೆಯೆಂದೇ ಅರ್ಥ. ಗಾಡಿಯಲ್ಲಿ ತಂತಿಯ ಕೆಳಗೆ ಒಂದು ಚೂರು ಕಾಗದವನ್ನಿಟ್ಟು ಮೀಟಿದಾಗ ಕರಕರವು ನಿಂತರೆ ನಿದಾನವು ಸ್ಥಿರಪಟ್ಟಂತೆ.

ಪರಿಹಾರ

ಹಳೆಯ ವಾದ್ಯದ ಮೂಲಭಾಗಗಳಿಗೆ ಬೆಲೆಯುಂಟು; ಅರದಿಂದ ಉಜ್ಜಿದ್ದನ್ನು ಮತ್ತೆ ತುಂಬಿ ಮೊದಲಿನಂತೆ ಮಾಡಲಾಗದು. ಆದ್ದರಿಂದ ಹಿಂದೆಗೆಯಬಹುದಾದ ಉಪಾಯಗಳನ್ನು ಮೊದಲು ಮಾಡಬೇಕು.

ಗಾಡಿಯು ಆಳವಾಗಿರದಿದ್ದರೂ, ತಂತಿಯು ಅದರಲ್ಲಿ ಸಾಕಷ್ಟು ಒತ್ತಿ ಕೂರದಿದ್ದರೆ ಕರಕರವಾದೀತು. 1960ರ ದಶಕದ ಅನೇಕ ಫೆಂಡರ್ ಬಾಸ್‌ಗಳಲ್ಲಿ ತಂತಿಯನ್ನು ಕೆಳಕ್ಕೆ ಅದುಮುವ ಗುಂಡಿಯು ಡಿ, ಜಿ ತಂತಿಗಳಿಗೆ ಮಾತ್ರ ಇದೆ; ಎ ತಂತಿಗೆ ಆ ಆಸರೆಯಿಲ್ಲ. ಬಿರಡೆಯ ಕಂಬಕ್ಕೆ ಮೇಲಿನಿಂದ ಕೆಳಕ್ಕೆ ಇನ್ನೆರಡು ಸುತ್ತು ಹೆಚ್ಚಾಗಿ ಸುತ್ತಿದರೆ ತಂತಿಯು ಕೆಳಗಿಳಿದು ಗಾಡಿಯಲ್ಲಿ ಬಿಗಿಯಾಗಿ ಕೂರುತ್ತದೆ. ದಪ್ಪ ತಂತಿಗೆಂದು ಕೊರೆದ ಗಾಡಿಯಲ್ಲಿ ತೆಳು ತಂತಿಯನ್ನು ಹಾಕಿದಾಗಲೂ ಅದು ಅಲುಗಾಡುತ್ತದೆ. ತಕ್ಕ ದಪ್ಪದ ತಂತಿಯೇ ಇದಕ್ಕೆ ಮದ್ದು.

ದೋಷವು ದಂಡಿಯದಾದರೆ, ಅದರೊಳಗಿರುವ ಟ್ರಸ್ ರಾಡ್ ಎಂಬ ಉಕ್ಕಿನ ಸರಳನ್ನು ಸಡಿಲಿಸಬೇಕು. ಆಗ ತಂತಿಗಳ ಎಳೆತವು ದಂಡಿಯನ್ನು ಮುಂದಕ್ಕೆ ತುಸು ಬಾಗಿಸುತ್ತದೆ. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಕೂಡದು. ತಿರುಪು ಬಿಗಿದುಕೊಂಡಿದ್ದರೆ ಬಲವನ್ನು ಪ್ರಯೋಗಿಸದೆ ಅನುಭವಿಗೆ ಒಪ್ಪಿಸುವುದು ಲೇಸು. ಮುರಿದ ಸರಳನ್ನು ಬದಲಿಸಲು ದಂಡಿಯನ್ನೇ ಬಿಚ್ಚಿ ಸೀಳಬೇಕಾದೀತು.

ಗಾಡಿಯು ನಿಜವಾಗಿ ಸವೆದಿದ್ದರೆ, ನಟ್ಟನ್ನು ಮೆಲ್ಲನೆ ಬಿಡಿಸಿ ಅದರ ಅಡಿಗೆ ತೆಳುವಾದ ಪಟ್ಟಿಯನ್ನಿಟ್ಟು ಎತ್ತರಿಸಬಹುದು. ಒಂದೇ ಗಾಡಿ ಸವೆದಿದ್ದರೆ ಮೂಳೆಯ ಪುಡಿಯನ್ನು ತುಂಬಿ, ಸಯನೋಅಕ್ರಿಲೇಟ್ ಅಂಟನ್ನು ಒಂದು ಹನಿ ಬಿಟ್ಟು, ಗಟ್ಟಿಯಾದ ಮೇಲೆ ಮತ್ತೆ ಕೊರೆಯಬಹುದು. ಹೊಸ ಗಾಡಿಯು ಬಿರಡೆಗಳ ಕಡೆಗೆ ಇಳಿಜಾರಾಗಿರಬೇಕು. ತಂತಿಯು ಮೆಟ್ಟಿಲುಗಳ ಕಡೆಯ ಅಂಚಿನಿಂದಲೇ ಹೊರಡಬೇಕು. ಇಳಿಜಾರು ತಿರುಗುಮುರುಗಾದರೆ ತಂತಿಯು ಗಾಡಿಯ ತಳದ ಮೇಲೆಯೇ ಬಡಿದು ತಂಬೂರಿಯಂತೆ ಝೇಂಕರಿಸುತ್ತದೆ. ಅರದ ಒಂದೆರಡು ಎಳೆತಕ್ಕೊಮ್ಮೆ ತಂತಿಯನ್ನು ಕೂರಿಸಿ, ಶ್ರುತಿಗೆ ಬಿಗಿದು, ಮೊದಲನೆಯ ಮೆಟ್ಟಿಲಿನ ತೆರಪನ್ನು ನೋಡುತ್ತಿರಬೇಕು. ಕಾಗದದಷ್ಟು ತೆರಪು ಕಾಣುತ್ತಲೇ ಅರವನ್ನು ಕೆಳಗಿಡತಕ್ಕದ್ದು.