ಚಕ್ಕಿನ ಹಿಡಿತವನ್ನು ಅಳೆಯುವುದು ಹೇಗೆ?

ತಿರುಗುತ್ತಿರುವ ಲೋಹದ ತುಂಡಿಗೆ ಹರಿತವಾದ ಉಳಿಯನ್ನೊತ್ತಿ ಬೇಕಾದ ಆಕಾರ ಕೊಡುವ ಯಂತ್ರವೇ ಲೇತ್. ಅದರಲ್ಲಿ ತುಂಡನ್ನು ಹಿಡಿದು ತಿರುಗಿಸುವ ಭಾಗಕ್ಕೆ ಚಕ್ ಎಂದು ಹೆಸರು. ಮನೆಯ ಕಾರ್ಯಾಗಾರಗಳಲ್ಲಿ ಮೂರು ದವಡೆಗಳ ಚಕ್ ಸಾಮಾನ್ಯ. ಹಿಡಿತ ಸಡಿಲವಾದರೆ ತುಂಡು ಸಿಡಿದು ಕೆಲಸಗಾರನಿಗೆ ಬಡಿಯಬಹುದು. ಬಿಗಿ ಮಿತಿಮೀರಿದರೆ ತೆಳುವಾದ ಬಳೆ ಅದುಮಿಹೋಗುವುದು. ಅದರ ಒಳಮೈಯನ್ನು ಎಷ್ಟು ದುಂಡಗೆ ಕೊರೆದರೂ, ಬಿಡಿಸಿದೊಡನೆ ದುಂಡು ಕೆಡುವುದು. ಆದುದರಿಂದ ಹಿಡಿತವೆಷ್ಟೆಂಬ ಪ್ರಶ್ನೆಗೆ ಅಂಕಿಯಲ್ಲಿಯೇ ಉತ್ತರ ಬೇಕು.

ಕೈಯ ಅಂದಾಜು ಏಕೆ ಸಾಲದು?

ಚಕ್ಕಿನ ಕೀಲಿಯನ್ನು ತಿರುಗಿಸಿದಾಗ ಸಣ್ಣ ಹಲ್ಲುಗಾಲಿಯೊಂದು ಒಳಗಿನ ತಟ್ಟೆಯನ್ನು ತಿರುಗಿಸುತ್ತದೆ. ತಟ್ಟೆಯ ಮೇಲಿನ ಸುರುಳಿಯಾಕಾರದ ಏಣು ಮೂರು ದವಡೆಗಳನ್ನೂ ಏಕಕಾಲದಲ್ಲಿ ಒಳಕ್ಕೆ ಎಳೆಯುತ್ತದೆ. ಕೀಲಿಯ ಅಕ್ಷದಿಂದ 10 ಸೆಂ.ಮೀ. ದೂರದಲ್ಲಿ ಎರಡು ಕೈಗಳಿಂದಲೂ ತಲಾ 200 ನ್ಯೂಟನ್ ಬಲ ಹಾಕಿದೆವೆನ್ನೋಣ. ಆಗ ಒಂದು ಸುತ್ತಿಗೆ ನಾವು ಮಾಡುವ ಕೆಲಸ ಸುಮಾರು 250 ಜೂಲ್. ಅಷ್ಟರಲ್ಲಿ ದವಡೆಗಳು 1.5 ಮಿ.ಮೀ. ಸರಿಯುವಂತಿದ್ದರೆ, ಘರ್ಷಣೆಯೇ ಇಲ್ಲದ ಪಕ್ಷದಲ್ಲಿ, ಅವುಗಳ ಒಟ್ಟು ಒತ್ತುಬಲ ಸುಮಾರು 1,67,000 ನ್ಯೂಟನ್ ಆಗಬೇಕು.

ವಾಸ್ತವದಲ್ಲಿ ಇದರ ಬಹುಭಾಗವನ್ನು ಘರ್ಷಣೆ ನುಂಗಿಬಿಡುತ್ತದೆ. ಎಣ್ಣೆ, ಕೊಳೆ, ಸವೆತಗಳಿಗೆ ತಕ್ಕಂತೆ ಈ ನಷ್ಟ ಬದಲಾಗುವುದರಿಂದ, ಕೈಗೆ ಒಂದೇ ಬಿಗಿಯೆನಿಸಿದರೂ ಹಿಡಿತ ಒಂದೇ ಆಗಿರದು. ಆದರೂ ಘರ್ಷಣೆಯನ್ನು ಹಳಿಯುವಂತಿಲ್ಲ. ಕೀಲಿಯನ್ನು ತೆಗೆದ ಮೇಲೆ ದವಡೆಗಳು ಹಿಂದೆ ಸರಿಯದಂತೆ ಕಾಯುವುದೂ ಅದೇ!

ಜಾರಿಸಿ ನೋಡುವ ಕ್ರಮ

ಮೊದಲು ವಿದ್ಯುತ್ ಸಂಪರ್ಕವನ್ನು ಕಡಿದು, ಚಕ್ ತಿರುಗದಂತೆ ಭದ್ರಪಡಿಸಬೇಕು. 40 ಮಿ.ಮೀ. ವ್ಯಾಸದ ನುಣುಪಾದ ಉಕ್ಕಿನ ಸರಳನ್ನು ಅದರಲ್ಲಿ ಬಿಗಿದು, ಸರಳಿನ ಇನ್ನೊಂದು ತುದಿಗೆ ತಿರುಗುವ ಮೊನೆಯ ಆಸರೆ ಕೊಡಬೇಕು. ಸರಳಿಗೆ ಅರ್ಧ ಮೀಟರ್ ಉದ್ದದ ಸನ್ನೆಯನ್ನು ಜೋಡಿಸಿ, ಅದರ ತುದಿಯನ್ನು ಸ್ಪ್ರಿಂಗ್ ತಕ್ಕಡಿಯಿಂದ ಲಂಬವಾಗಿ ಎಳೆಯಬೇಕು. 200 ನ್ಯೂಟನ್ ಎಳೆತಕ್ಕೆ ಸರಳು ಜಾರಿತೆನ್ನೋಣ. ತಿರುಗುಬಲ 100 ನ್ಯೂಟನ್-ಮೀಟರ್. ಸರಳಿನ ತ್ರಿಜ್ಯ 0.02 ಮೀಟರ್, ಆದುದರಿಂದ ಘರ್ಷಣಬಲ 5,000 ನ್ಯೂಟನ್. ಇದನ್ನು ಘರ್ಷಣಾಂಕದಿಂದ ಭಾಗಿಸಿದರೆ ದವಡೆಗಳ ಒಟ್ಟು ಒತ್ತುಬಲ ದೊರೆಯುವುದು. ಘರ್ಷಣಾಂಕ 0.2 ಆದರೆ ಉತ್ತರ 25,000 ನ್ಯೂಟನ್, 0.15 ಆದರೆ ಸುಮಾರು 33,000. ಈ ಕ್ರಮದ ದೌರ್ಬಲ್ಯ ಇಲ್ಲಿಯೇ ಇದೆ.

ಉಕ್ಕಿನ ಕುಗ್ಗುವಿಕೆಯನ್ನು ಓದುವ ಕ್ರಮ

ಘರ್ಷಣಾಂಕದ ಹಂಗಿಲ್ಲದೆ ಅಳೆಯಲು ಸ್ಟ್ರೇನ್ ಗೇಜ್ ನೆರವಾಗುತ್ತದೆ. ಅಮೆರಿಕದಲ್ಲಿ ಎಡ್ವರ್ಡ್ ಸಿಮನ್ಸ್ ಮತ್ತು ಆರ್ಥರ್ ರೂಜ್ 1938ರಲ್ಲಿ ಪ್ರತ್ಯೇಕವಾಗಿ ರೂಪಿಸಿದ ಸಾಧನವಿದು. ಅಂಟಿಸಿದ ಲೋಹ ಹಿಗ್ಗಿದರೆ ಅಥವಾ ಕುಗ್ಗಿದರೆ ಇದರ ವಿದ್ಯುತ್ ರೋಧ ಅದಕ್ಕನುಗುಣವಾಗಿ ಬದಲಾಗುತ್ತದೆ. ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇಂದು ಕೆಲಸ ಮಾಡುತ್ತಿರುವುದೂ ಇದೇ ತತ್ತ್ವ.

ಚಕ್ಕಿನ ನಡುವೆ ಮೂರು ಮುಖದ ಉಕ್ಕಿನ ದಿಮ್ಮಿಯನ್ನಿರಿಸಿ, ಅದಕ್ಕೂ ಪ್ರತಿಯೊಂದು ದವಡೆಗೂ ನಡುವೆ 12 ಮಿ.ಮೀ. ಚದರದ ಗಿಡ್ಡ ಕಂಬವನ್ನಿಡೋಣ. 10,000 ನ್ಯೂಟನ್ ಒತ್ತಿದರೆ ಕಂಬ ತನ್ನ ಉದ್ದದ ಹತ್ತುಲಕ್ಷದಲ್ಲಿ ಸುಮಾರು 350 ಪಾಲು ಕುಗ್ಗುವುದು. ಅದಕ್ಕಂಟಿಸಿದ 120 ಓಮ್ ಗೇಜಿನ ರೋಧ ಆಗ ಕೇವಲ 0.08 ಓಮಿನಷ್ಟು ಬದಲಾಗುತ್ತದೆ. ಇಂತಹ ಅಲ್ಪ ವ್ಯತ್ಯಾಸವನ್ನು ಹಿಡಿಯಲು ವಿದ್ಯಾರ್ಥಿಗಳಿಗೆ ಪರಿಚಿತವಾದ ವ್ಹೀಟ್‌ಸ್ಟನ್ ಸೇತುವೆಯೇ ತಕ್ಕ ಉಪಕರಣ. ಕಂಬ ಬಾಗಿದರೂ ಲೆಕ್ಕ ಕೆಡದಂತೆ ಎದುರು ಮುಖಗಳೆರಡಕ್ಕೂ ಗೇಜ್ ಅಂಟಿಸಬೇಕು. ಪ್ರತಿ ಕಂಬವನ್ನೂ ಮೊದಲೇ ಸನ್ನೆಯ ಮೂಲಕ ತಿಳಿದ ತೂಕಗಳಿಂದ ಒತ್ತಿ, ಅಳತೆಯ ಪಟ್ಟಿ ಮಾಡಿಕೊಳ್ಳಬೇಕು.

ತಿರುಗುವಾಗ ಏನಾಗುವುದು?

ಇಷ್ಟೆಲ್ಲ ನಿಂತ ಚಕ್ಕಿನ ಮಾತಾಯಿತು. ತಿರುಗುವಾಗ ದವಡೆಗಳು ಹೊರಕ್ಕೆ ಸಿಡಿಯಲು ಹವಣಿಸುತ್ತವೆ. ಅರ್ಧ ಕಿಲೋಗ್ರಾಂ ದವಡೆಯ ಗುರುತ್ವಕೇಂದ್ರ ಅಕ್ಷದಿಂದ 5 ಸೆಂ.ಮೀ. ದೂರವಿದ್ದರೆ, ನಿಮಿಷಕ್ಕೆ 1000 ಸುತ್ತಿನಲ್ಲಿ ಅದರ ಕೇಂದ್ರಾಪಗಾಮಿ ಬಲ ಸುಮಾರು 270 ನ್ಯೂಟನ್. 2000 ಸುತ್ತಿನಲ್ಲಿ ಸುಮಾರು 1,100. ವೇಗ ಇಮ್ಮಡಿಸಿದರೆ ಬಲ ನಾಲ್ಮಡಿಸುವುದು! ಹೊರಗಿನಿಂದ ಹಿಡಿದಾಗ ಹಿಡಿತವನ್ನು ಸಡಿಲಿಸುವ ಬಲವಿದು. ನಿಂತಾಗ ಅಳೆದ ಅಂಕಿಯಿಂದ ಇದನ್ನು ಕಳೆದು, ಉಳಿದುದು ಉಳಿಯ ಒತ್ತಡವನ್ನು ಧಾರಾಳವಾಗಿ ತಾಳಬಲ್ಲುದೇ ಎಂದು ನೋಡಿಕೊಂಡ ಮೇಲೆಯೇ ಯಂತ್ರವನ್ನು ಚಾಲೂ ಮಾಡುವುದು ವಿವೇಕ.